ತಡಿಯಂಡಮೋಳ್ ಹತ್ತುವವರೇ, ಚಳಿಗಾಳಿಯನ್ನು ನಂಬಬೇಡಿ

"ಕೊಡಗಲ್ಲಿ ಎಂಥ ಬಿಸಿಲು ಮಾರಾಯ" ಅಂತ ಹೇಳಿ ಸನ್‌ಸ್ಕ್ರೀನ್ ಟ್ಯೂಬನ್ನು ಕಾರಿನಲ್ಲೇ ಬಿಟ್ಟವನು ನಾನೇ. ಅಕ್ಟೋಬರ್ ಕೊನೆ, ಮೇಲೆ ಮೋಡ. ಕಕ್ಕಬ್ಬೆ ದಾಟಿ ನಾಲ್ಕುನಾಡು ಅರಮನೆಯ ಹತ್ತಿರ ಕಾರು ನಿಲ್ಲಿಸಿ ನಾಲ್ವರು ಹೊರಟೆವು. ತಡಿಯಂಡಮೋಳ್ 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಕೆಳಗಿನ ಕಾಡು ಮುಗಿದರೆ ದಾರಿಯ ಬಹುಪಾಲು ಬರೀ ಹುಲ್ಲು, ನೆರಳಿಲ್ಲ. ಸಾವಿರ ಮೀಟರ್ ಏರಿದರೆ ಚರ್ಮ ಸುಡುವ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ತೆಳು ಮೋಡ ಅದನ್ನು ಅಷ್ಟಾಗಿ ತಡೆಯುವುದೂ ಇಲ್ಲ. ಸೆಖೆಯಾಗದೆ ಇದ್ದದ್ದರಿಂದ ನಮಗೆ ಏನೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಸಂಜೆ, ಹೋಂಸ್ಟೇ ಹಂಡೆಯ ಬಿಸಿನೀರು ಕುತ್ತಿಗೆಗೆ ಬಿದ್ದಾಗ. ನನ್ನಂಥ ಕಪ್ಪು ಮೈಯಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಮುಟ್ಟಿದರೆ ಬಿಸಿ, ಬಿಗಿತ, ಉರಿ ಇದ್ದರೆ ಬಿಸಿಲಿಗೆ ಸುಟ್ಟಿದೆ ಅಂತಲೇ ತಿಳಿಯಿರಿ. ಮರುದಿನ ಉರಿ ಇನ್ನೂ ಹೆಚ್ಚಿತು, ವಾರದೊಳಗೆ ಸಿಪ್ಪೆ ಸುಲಿಯಿತು.

ಗೆಳೆಯನೊಬ್ಬ ಟೂತ್‌ಪೇಸ್ಟ್ ಹಿಡಿದು ಬಂದ, ಬೇಡವೆಂದೆ. ಐಸು, ಬೆಣ್ಣೆಯೂ ಬೇಡ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು, ಒರಟಾಗಿ ಒರೆಸದೆ, ಚರ್ಮ ಒದ್ದೆಯಿರುವಾಗಲೇ ಲೋಳೆಸರದ ಜೆಲ್ ಅಥವಾ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ನೀರು ಚೆನ್ನಾಗಿ ಕುಡಿಯಿರಿ. ಗುಳ್ಳೆ ಎದ್ದರೆ ಒಡೆಯಬೇಡಿ. ಗುಳ್ಳೆ ಬಹಳ ಕಡೆ ಹರಡಿದರೆ, ಜ್ವರ, ವಾಂತಿ ಬಂದರೆ, ತಲೆ ಸುತ್ತಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಅಂದು ಹೆಚ್ಚು ಪೆಟ್ಟು ತಿಂದವನು ಮಾತ್ರ ನಾನಲ್ಲ. ಜಿಗಣೆ ಹತ್ತದಿರಲೆಂದು ಒಬ್ಬ ಮೊಣಕಾಲವರೆಗೆ ನಿಂಬೆರಸ ಉಜ್ಜಿಕೊಂಡಿದ್ದ. ಎರಡು ದಿನ ಬಿಟ್ಟು ರಸ ಇಳಿದ ಜಾಡಿನಲ್ಲೇ ಉರಿಯುವ ಗುಳ್ಳೆ, ಆಮೇಲೆ ಕಂದು ಗೆರೆಗಳು. ನಿಂಬೆಯಲ್ಲಿರುವ ಫ್ಯುರೊಕೌಮರಿನ್ ಎಂಬ ಅಂಶ ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ. ಜಿಗಣೆ ಕಚ್ಚಿದ್ದರೆ ಕೆಲವು ದಿನದ ತುರಿಕೆ ಅಷ್ಟೆ! ಲೀಚ್ ಸಾಕ್ಸ್ ತನ್ನಿ, ಇಲ್ಲವೇ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಹಣ್ಣು ಹಿಂಡಿದ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬಿಸಿಲು ಬೇಗ ಸುಡುತ್ತದೆ, ನೆನಪಿರಲಿ.

ಬೆಳಿಗ್ಗೆ ಆದಷ್ಟು ಬೇಗ ಹತ್ತಲು ಶುರುಮಾಡಿ. ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲು ತಡೆಯುವ ಮಟ್ಟ) 30ಕ್ಕಿಂತ ಕಡಿಮೆಯದು ಬೇಡ. ಹೊರಡುವ ಕಾಲು ಗಂಟೆ ಮೊದಲು ಧಾರಾಳವಾಗಿ, ಮತ್ತೆ ಎರಡು ಗಂಟೆಗೊಮ್ಮೆ ಹಚ್ಚಿ. ಕಿವಿ, ಕುತ್ತಿಗೆಯ ಹಿಂಭಾಗ ಮರೆಯಬೇಡಿ. ಕ್ಯಾಪು ಅವೆರಡನ್ನೂ ಮುಚ್ಚುವುದಿಲ್ಲ, ಸುತ್ತ ಅಂಚಿರುವ ಟೋಪಿಯೇ ಬೇಕು. ನಮ್ಮ ನಿಂಬೆರಸದವನು ಸಂಕ್ರಾಂತಿಗೂ ಪ್ಯಾಂಟು ಮಡಚಲಿಲ್ಲ.