ಹಸಿರು ಬರ
ಬೆಳಿಗ್ಗೆ ಅಟ್ಟದ ಹಳೆಯ ಚೀಲ ಕೊಡವುವಾಗ 2023ರ ಮುಂಗಾರಿನ ರಾಗಿತೆನೆಯೊಂದು ಕೈಗೆ ಸಿಕ್ಕಿತು. ಉಜ್ಜಿದರೆ ಬರೀ ಹೊಟ್ಟು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ದೂರದಿಂದ ಹೊಲ ಹಚ್ಚಗೇ ಕಾಣುತ್ತಿತ್ತು, ಕಾಳು ಮಾತ್ರ ಕಟ್ಟಿರಲಿಲ್ಲ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆಯನ್ನು, ಆಮೇಲೆ ಬಿತ್ತನೆ, ಉಪಗ್ರಹಕ್ಕೆ ಕಾಣುವ ಹಸಿರು, ಮಣ್ಣಿನ ತೇವ, ಜಲಮೂಲಗಳ ಸ್ಥಿತಿಯನ್ನು ಅಳೆದು, ಕೊನೆಗೆ ಆಯ್ದ ಹಳ್ಳಿಗಳ ಹೊಲಗಳನ್ನು ಕಣ್ಣಾರೆ ನೋಡಿ ಬರದ ತೀವ್ರತೆಯನ್ನು ನಿರ್ಧರಿಸಬೇಕು. ಕ್ರಮವೇನೋ ಒಪ್ಪತಕ್ಕದ್ದೇ. ಆದರೆ ಆಕಾಶದಿಂದ ನೋಡುವ ಉಪಗ್ರಹಕ್ಕೆ ಜೊಳ್ಳು ತಿಳಿಯುವುದಿಲ್ಲವಾದ್ದರಿಂದ, ಹೊಲಕ್ಕಿಳಿಯುವ ಆ ಕೊನೆಯ ಹಂತವೇ ಇಡೀ ಯೋಜನೆಯ ಜೀವವೆಂದು ನನಗನ್ನಿಸುತ್ತದೆ. ತೆನೆಯನ್ನು ಕೋಳಿಗಳ ಮುಂದೆ ಎಸೆದೆ. ಒಂದೆರಡು ಸಲ ಕುಕ್ಕಿ ನೋಡಿ ಅವೂ ಬಿಟ್ಟು ಹೋದವು.