ಡಿಜ್ಜಿಗೆ ನನ್ನ ವೋಟು

ಚುನಾವಣೆ ಹತ್ತಿರ ಬಂದರೆ ನಾನು ಟಿವಿ ಆರಿಸಿ ಅಮೆರಿಕದ ಜಾಝ್ ಸಂಗೀತಗಾರ ಡಿಜ್ಜಿ ಗಿಲೆಸ್ಪಿಯ ಟ್ರಂಪೆಟ್ ಕೇಳುತ್ತೇನೆ. ಸುಮ್ನೆ ಅಲ್ಲ. 1964ರಲ್ಲಿ ಈ ಮನುಷ್ಯ ಅಮೆರಿಕದ ಅಧ್ಯಕ್ಷನಾಗಲು ಹೊರಟಿದ್ದ! ಗೆದ್ದರೆ ವೈಟ್ ಹೌಸ್‌ಗೆ ಕರಿಯರ ಬ್ಲೂಸ್ ಸಂಗೀತದ ಹೆಸರಲ್ಲಿ ಬ್ಲೂಸ್ ಹೌಸ್ ಅಂತ ಹೆಸರಿಡುತ್ತೇನೆ, ತನ್ನಂತೆಯೇ ಜಾಝ್ ನುಡಿಸುವ ಡ್ಯೂಕ್ ಎಲಿಂಗ್ಟನ್‌ನನ್ನು ವಿದೇಶಾಂಗ ಮಂತ್ರಿ ಮಾಡುತ್ತೇನೆ, ಇನ್ನೊಬ್ಬ ಜಾಝ್‌ಗಾರ ಮೈಲ್ಸ್ ಡೇವಿಸ್ ಕೈಗೆ ಗುಪ್ತಚರ ಸಂಸ್ಥೆ ಸಿಐಎ ಕೊಡುತ್ತೇನೆ ಅಂತೆಲ್ಲ ಹೇಳಿಕೊಂಡು ತಿರುಗಿದ್ದ. ತಮಾಷೆ ಅಂತ ನಕ್ಕುಬಿಡಬಹುದು, ಆದರೆ ಅವನ ಪ್ರಚಾರದ ಬ್ಯಾಡ್ಜ್ ಮಾರಿ ಬಂದ ದುಡ್ಡು ಕರಿಯರ ಹಕ್ಕಿನ ಹೋರಾಟಕ್ಕೆ ಹೋಗುತ್ತಿತ್ತು.

ಇನ್ನೊಂದು ವಿಚಿತ್ರ ನೋಡಿ. 1956ರಲ್ಲಿ ಇದೇ ಡಿಜ್ಜಿಯ ತಂಡವನ್ನು ಅಮೆರಿಕ ಸರ್ಕಾರವೇ ಹೊರದೇಶಗಳಿಗೆ ಕಳಿಸಿತ್ತು, ನಮ್ಮ ದೇಶ ಎಷ್ಟು ಚೆನ್ನಾಗಿದೆ ಅಂತ ತೋರಿಸೋಕೆ. ತನ್ನದೇ ಮನೆಯಲ್ಲಿ ನೋಡಿದರೆ ಅಮೆರಿಕದ ದಕ್ಷಿಣ ರಾಜ್ಯಗಳ ಎಷ್ಟೋ ಶಾಲೆಗಳಲ್ಲಿ ಕರಿಯ ಮಕ್ಕಳಿಗೆ ಜಾಗವೇ ಇಲ್ಲ. ಮರುವರ್ಷ ಲಿಟಲ್ ರಾಕ್ ಊರಲ್ಲಿ ಕರಿಯ ಮಕ್ಕಳನ್ನು ಬಿಳಿಯರ ಶಾಲೆಗೆ ಬಿಡದೆ ಗಲಾಟೆ ಆದಾಗ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಸಿಟ್ಟಾಗಿ, ಸರ್ಕಾರದ ಪರವಾಗಿ ಸೋವಿಯತ್ ಪ್ರವಾಸಕ್ಕೆ ಹೋಗಲ್ಲ ಅಂದುಬಿಟ್ಟ. ಸದಾ ನಗುವ ಮನುಷ್ಯ ಅಂತಲೇ ಎಲ್ಲರೂ ಅಂದುಕೊಂಡಿದ್ದರು ಅವನನ್ನು.

"ಸಂಗೀತದಲ್ಲಿ ರಾಜಕೀಯ ಯಾಕೆ ತರ್ತೀಯ?" ಅಂತ ಗೆಳೆಯರು ಕೇಳುತ್ತಾರೆ. ನಾನೆಲ್ಲಿ ತಂದೆ, ಅದು ಮೊದಲಿಂದಲೂ ಅಲ್ಲೇ ಇತ್ತಲ್ವಾ?

ಟಿವಿ ಚರ್ಚೆ ನೋಡುವಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಜಾಸ್ತಿ ಕೂಗಿದವನೇ ಗೆದ್ದ ಹಾಗೆ. ಜಾಝ್‌ನಲ್ಲಿ ಒಬ್ಬ ಸೋಲೋ ನುಡಿಸುವಾಗ ಪಿಯಾನೋದವನು ಕಿವಿಗೊಟ್ಟು, ನಡುನಡುವೆ ಎರಡು ಸ್ವರ ಒತ್ತಿ ಅವನನ್ನು ಮುಂದಕ್ಕೆ ತಳ್ಳುತ್ತಾನೆ. ನಿಜ ಹೇಳಬೇಕೆಂದರೆ ಊಟಕ್ಕೆ ಕೂತಾಗ ನಾನೂ ಎಲ್ಲರ ಮಾತಿನ ಮಧ್ಯೆ ಬಾಯಿ ಹಾಕುವವನೇ. ಮನೆಯವರು ಇದನ್ನು ಓದದಿದ್ದರೆ ಸಾಕು.