ಬೂದು ಸಭೆಯ ಒಂಬತ್ತು ಜನ

ನಿನ್ನೆ ರಾತ್ರಿ ಪುಣೆಯಲ್ಲಿ ಬಿಡದೆ ಮಳೆ. ತಮ್ಮನೂ ನಾನೂ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ‘ಬ್ಯಾಬಿಲಾನ್ 5’ ಅನ್ನೋ ಬಾಹ್ಯಾಕಾಶದ ಟಿವಿ ಧಾರಾವಾಹಿ ಹಾಕಿಕೊಂಡು ಕೂತಿದ್ದೆವು. ಅದರಲ್ಲಿ ಮಿನ್‌ಬಾರಿ ಅಂತ ಅನ್ಯಗ್ರಹದ ಜನ. ಅವರನ್ನು ಆಳುವ ಬೂದು ಸಭೆಯಲ್ಲಿ ಒಂಬತ್ತು ಮಂದಿ. ಧರ್ಮದವರು ಮೂವರು, ಯೋಧರು ಮೂವರು, ದುಡಿಯುವವರು ಮೂವರು. ಲೆಕ್ಕ ಸರಿಯಾಗಿದೆ ಅಲ್ವಾ? ಆದರೂ ಜಗಳವೆಲ್ಲ ಮೊದಲ ಎರಡು ಗುಂಪಿನದೇ, ಪೆಟ್ಟು ಮಾತ್ರ ದುಡಿಯುವವರಿಗೆ. ಕೊನೆಗೆ ಅಂತರ್ಯುದ್ಧ ಮುಗಿದ ಮೇಲೆ ಅವರ ನಾಯಕಿ ಡೆಲೆನ್ ಸಭೆಯನ್ನು ಹೊಸದಾಗಿ ಕಟ್ಟುತ್ತಾಳೆ. ದುಡಿಯುವವರಿಗೆ ಐದು ಜಾಗ, ಉಳಿದ ಎರಡು ಗುಂಪಿಗೆ ಎರಡೆರಡೇ. 1997ರ ಕಂತು ಅದು. ನನಗೆ ಕಣ್ಣು ತುಂಬಿಬಂತು.

ಬೆಳಿಗ್ಗೆ ಪುಣೆಯ ಕಂಟೋನ್ಮೆಂಟ್ ಪ್ರದೇಶವಾದ ಕ್ಯಾಂಪ್ ಕಡೆ ಹೋಗುವಾಗಲೂ ತಲೆಯಲ್ಲಿ ಅದೇ. ಸೇನೆಯ ದಕ್ಷಿಣ ಕಮಾಂಡ್‌ನ ಕೇಂದ್ರ ಇರೋದು ಇದೇ ಊರಲ್ಲಿ. 2006ರ ಕಾಯ್ದೆ ಪ್ರಕಾರ, ಸೇನೆಯ ನೆಲೆ ಇರುವ ಪ್ರದೇಶದ ಆಡಳಿತ ನೋಡುವ ಕಂಟೋನ್ಮೆಂಟ್ ಬೋರ್ಡ್‌ಗೆ ಸೇನಾಧಿಕಾರಿಯೇ ಅಧ್ಯಕ್ಷರು, ಜನ ಆರಿಸಿದವರಲ್ಲೊಬ್ಬರು ಉಪಾಧ್ಯಕ್ಷರು. ಬೀದಿ ದೀಪ, ನಲ್ಲಿ ನೀರು, ಕಸ ಎಲ್ಲ ಆ ಒಂದೇ ಮೇಜಿಗೆ ಬರುತ್ತದೆ. ಆದರೆ ದೇಶದ ಮಟ್ಟದಲ್ಲಿ ಸೇನೆ ನಡೆಯುವುದು ಚುನಾಯಿತ ಸರ್ಕಾರದ ಮಾತಿನಂತೆ. ಇದನ್ನು ನಾವು ಸುಮ್ನೆ ಮಾಮೂಲು ಅಂದುಕೊಂಡುಬಿಟ್ಟಿದ್ದೇವೆ. ನನಗೆ ಇದು ತುಂಬಾ ದೊಡ್ಡ ವಿಷಯ.

ಗೇಟಿನ ಹತ್ತಿರ ಒಬ್ಬ ಸೈನಿಕ, ರೇನ್‌ಕೋಟಿಂದ ನೀರು ಸುರಿಯುತ್ತಿದ್ದರೂ, ಶಾಲೆ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ.